ಮಡಿ ಬಿಟ್ಟ ಅಜ್ಜಿ

ಆಗ ಮಾನ್ವಿಯ ನಮ್ಮ ಮನೆಯಲ್ಲಿ ಬೇಸಿಗೆಯೆಂದರೆ ಪಡಸಾಲೆಯಲ್ಲಿ ಚೌಕಾಬಾರ, ಒಳಗೆ ಹೂರಣ ರುಬ್ಬುವ ಘಮ. ಮುಟ್ಟಬಾರದ್ದು ಯಾವುದೆಂಬ ಪಾಠ ನಮಗೆ ಬಾಯಿಪಾಠವಾಗಿತ್ತು: ಉಪ್ಪಿನಕಾಯಿ ಭರಣಿ, ದೇವರ ಪೆಟ್ಟಿಗೆ, ಸ್ನಾನ ಮಾಡಿ ಮಡಿಯುಟ್ಟು ಅಡುಗೆಗೆ ನಿಂತ ಅಜ್ಜಿ. ನಮ್ಮನ್ನು ಯಾರು ಮುಟ್ಟಬಾರದು ಎಂದು ಮಾತ್ರ ಯಾರೂ ಹೇಳಿರಲಿಲ್ಲ.

ಅಮ್ಮ ದೇವದುರ್ಗದ ಶಾಲೆಗೆ ಪಾಠ ಮಾಡಲು ದಿನಾ ಬಸ್ಸಿನಲ್ಲಿ ಹೋಗಿಬರುತ್ತಿದ್ದರು. ಹಾಗಾಗಿ ಆ ವರ್ಷ ನನ್ನ ಶಾಲೆಯ ಪಾಲಕರ ಸಭೆಗೆ ಅಜ್ಜಿಯೇ ಬಂದಿದ್ದಳು. ನಮ್ಮ ಟೀಚರ್ ಹೇಳಿದರು:

“ಮಕ್ಕಳು ಯಾರ ಹತ್ರ ಹೋಗೂದಿಲ್ಲ ಅಂದ್ರ ಒತ್ತಾಯ ಮಾಡಬ್ಯಾಡ್ರಿ. ಏನರ ಹೇಳಾಕ ಬಂದ್ರ ಕೈಯಾಗಿನ ಕೆಲಸ ಬಿಟ್ಟು ಕೇಳ್ರಿ.”

“ಇಂಥಾವೆಲ್ಲಾ ಸಾಲ್ಯಾಗ ಆಡೂ ಮಾತೇನು?” ಎಂದು ಅಜ್ಜಿ ದಾರಿಯುದ್ದಕ್ಕೂ ಗೊಣಗಿದಳು.

ರಜೆಯಲ್ಲಿ ಅಜ್ಜನ ಶ್ರಾದ್ಧ ಬಂತು. ರಾಯಚೂರಿನಿಂದ ಅಪ್ಪನ ದಾಯಾದಿ ತಮ್ಮ ಬಂದಿದ್ದರು. ನಾವು ಕಾಕಾ ಎನ್ನುತ್ತಿದ್ದೆವು. ಶ್ರಾದ್ಧದ ಹಿಂದಿನ ದಿನ ಮಧ್ಯಾಹ್ನ ಎಲ್ಲರೂ ಮಲಗಿದ್ದಾಗ ಅವರು ನನ್ನ ಜೊತೆ ನಡೆದುಕೊಂಡ ರೀತಿಗೆ ನನ್ನಲ್ಲಿ ಶಬ್ದವಿರಲಿಲ್ಲ. ಯಾರಿಗೂ ಹೇಳಬೇಡ ಎಂದಿದ್ದರು.

ಶ್ರಾದ್ಧದ ಬೆಳಿಗ್ಗೆ ಅಪ್ಪ, “ಕಾಕಾ ಕರೀಲಿಕತ್ತಾರ, ಹೋಗು” ಎಂದರು. ನಾನು ಅಡುಗೆಮನೆ ಹೊಸ್ತಿಲಿಗೆ ಓಡಿದೆ.

“ಅಜ್ಜೀ, ನಾ ಕಾಕಾನ ಹತ್ರ ಹೋಗೂದಿಲ್ಲ. ನಿನ್ನೆ ಅವರು...”

ಮುಂದೆ ಅಳುವೇ ಬಂತು. ಒಲೆಯ ಮುಂದಿದ್ದ ಅಜ್ಜಿ ತಿರುಗಿ ನೋಡಿದಳು. ಸೌಟು ಕೆಳಗಿಟ್ಟು ಬಂದವಳೇ ನನ್ನನ್ನು ತಬ್ಬಿ ಹಿಡಿದಳು. ಮಡಿ ಹೋಯಿತು. ನೈವೇದ್ಯದ ಅಡುಗೆಯೆಲ್ಲ ಮೈಲಿಗೆಯಾಯಿತು. ನಾನು ಹೆದರಿ ಬಿಡಿಸಿಕೊಳ್ಳಲು ನೋಡಿದರೆ ಅವಳು ಇನ್ನೂ ಬಿಗಿಯಾಗಿ ಹಿಡಿದಳು.

“ಹೇಳವ್ವಾ. ಪೂರಾ ಹೇಳು.”

ಹೇಳಿದೆ. ಅಜ್ಜಿ ನನ್ನ ಕೈ ಹಿಡಿದೇ ಪಡಸಾಲೆಗೆ ಬಂದು ಕಾಕಾನಿಗೆ, “ನಿನ್ನ ಚೀಲ ತಗೊ. ಈ ಹೊಸ್ತಿಲಾ ಮತ್ತ ತುಳೀಬ್ಯಾಡ” ಎಂದಳು.

“ಇವತ್ತೇ ಏನವ್ವಾ? ಭಟ್ಟರು ಬರೂ ಹೊತ್ತು. ಮನಿ ಮರ್ಯಾದಿ...” ಎಂದರು ಅಪ್ಪ.

“ಅಡಿಗಿ ಮತ್ತ ಮಾಡ್ತೀನಿ. ನೀ ಠಾಣೆಕ್ಕ ಹೋಗಿ ದೂರು ಕೊಡು.”

ಸಂಜೆ ಅಪ್ಪ, ಅಮ್ಮ ಇಬ್ಬರೂ ಠಾಣೆಗೆ ಹೋದರು.

ಅದಕ್ಕೂ ಮೊದಲು, ಅಜ್ಜಿ ಮತ್ತೆ ಸ್ನಾನ ಮಾಡಿ ಒಲೆ ಹಚ್ಚುವಾಗ, ಅಪ್ಪನ ತಂಗಿ, ನನ್ನ ಅತ್ತೆ, ಹೊಸ್ತಿಲಾಚೆ ನಿಂತಿದ್ದರು.

“ಅವ್ವಾ, ಸಣ್ಣಾಕಿದ್ದಾಗ ನಾನೂ ಇಲ್ಲೇ ನಿಂತು ಹೇಳ್ಲಿಕ್ಕೆ ಬಂದಿದ್ದೆ. ಇದೇ ಮನುಷ್ಯಾನ ಬಗ್ಗೇನ. ಮಡ್ಯಾಗಿದ್ದೀನಿ, ದೂರ ನಿಲ್ಲು, ಆಮ್ಯಾಲ ಹೇಳು ಅಂದಿದ್ದಿ.”

ಅಜ್ಜಿ ಒಲೆಯ ಮುಂದೆಯೇ ಕುಸಿದು ಕೂತಳು. ಅವತ್ತು ಅವಳು ಅತ್ತಷ್ಟು ಅಜ್ಜ ಹೋದಾಗಲೂ ಅತ್ತಿರಲಿಲ್ಲ.

ಈಗ ಅಜ್ಜಿಯಿಲ್ಲ, ಅಂಥ ಹೋಳಿಗೆಯೂ ಇಲ್ಲ. ನಾವು ಅಣ್ಣತಮ್ಮಂದಿರು, ಅಕ್ಕತಂಗಿಯರು ಸೇರಿದಾಗ ಆ ಬೇಸಿಗೆಗಳನ್ನು ನೆನೆದು ನಗುತ್ತೇವೆ. ನಾನೂ ನಗುತ್ತೇನೆ, ನನಗದು ಸಾಧ್ಯವಾಗಿದೆ. ಅತ್ತೆ ಮಾತ್ರ ಆ ಮಾತು ಶುರುವಾಗುತ್ತಲೇ ಎದ್ದು ಒಳಗೆ ಹೋಗುತ್ತಾರೆ.