ಗಟ್ಟಿ ದನಿಯವರು ಕಂಡ ಊರು

ನಿನ್ನೆ ಅಂಗಡಿಯಲ್ಲಿ ಒಬ್ಬಾಕೆ ಸೀರೆಯ ಪ್ಲಾಸ್ಟಿಕ್ ಕವರನ್ನು ಸರ್ರನೆ ಎಳೆದಾಗ ಆ ವಾಸನೆ ಎದ್ದಿತು. ಹೊಸ ರೈನ್‌ಕೋಟಿಗೆ ಚೂರು ಸೀಮೆಎಣ್ಣೆ ತಗುಲಿದ ಹಾಗಿರುತ್ತದೆ. ನೀವು ಮೂಸಿದ್ದರೂ ಮರೆತಿರುತ್ತೀರಿ. ನನಗೆ ಮಾತ್ರ ಅದರ ಹಿಂದೆಯೇ ಚೀನಾದ ಆ ಊರು ಬಂದು ನಿಲ್ಲುತ್ತದೆ. ಊರಿನ ಹೆಸರು ಹೇಳಲು ನನ್ನ ನಾಲಿಗೆ ಇವತ್ತಿಗೂ ಹೊರಳುವುದಿಲ್ಲ, ಬಿಡಿ.

ಹೋದದ್ದು ನಾನು ಮತ್ತು ನನ್ನ ಹೆಂಡತಿಯ ತಮ್ಮ ನಾಗರಾಜ. ದೊಡ್ಡಬಳ್ಳಾಪುರದಲ್ಲಿ ನಮ್ಮಿಬ್ಬರದೂ ಸೇರಿ ಒಂದು ಪವರ್‌ಲೂಮ್ ಶೆಡ್ಡು ಇತ್ತು. ಮಗ್ಗದ ಕೆಲಸ ಅವನದು, ಮಾರಾಟ ನನ್ನದು. ಹಳೆಯ ಮಗ್ಗಗಳು ಪೈಪೋಟಿಯಲ್ಲಿ ಸೋಲುತ್ತಿದ್ದವು. ಚೀನಾದಿಂದ ಬೇಗ ನೇಯುವ ಹೊಸ ಮಗ್ಗ ತಂದರೆ ಶೆಡ್ಡು ಉಳಿಯುತ್ತದೆ, ಇಲ್ಲದಿದ್ದರೆ ಬಾಗಿಲು ಹಾಕಬೇಕು ಎಂಬಲ್ಲಿಗೆ ಬಂದು ನಿಂತಿದ್ದೆವು.

ನಾಗರಾಜ ತಾನೇ ಬರೆದ ರಾಗಿತೆನೆ ಬಾರ್ಡರಿನ ಸೀರೆಯೊಂದನ್ನು ತನ್ನ ಬಟ್ಟೆಗಳ ನಡುವೆ ಮಡಿಸಿ ತಂದಿದ್ದ. "ಈ ಬಾರ್ಡರ್ ನೇಯೋ ಮಗ್ಗ ಆದ್ರೆ ತಗೊಳ್ಳಾಣ ಭಾವ, ಇಲ್ದಿದ್ರೆ ಬೇಡ" ಎಂದಿದ್ದ. ಅದರಲ್ಲೊಂದು ತಪ್ಪಿತ್ತು. ಮಗ್ಗಕ್ಕೆ ಚಿತ್ರ ತಿಳಿಸುವ ಡಿಸೈನ್ ಕಾರ್ಡಿಗೆ ತೂತು ಹೊಡೆಸುವಾಗ ಎಡವಟ್ಟಾಗಿ, ತೆನೆಯ ಎಡಗಡೆಯ ಎಲೆ ನಡುವೆ ಮುರಿದಂತೆ ಬಂದಿತ್ತು. ತಿದ್ದಿಸಲು ಹೊರಟವನನ್ನು ತಡೆದವನು ನಾನೇ. "ಗಾಳಿಗೆ ಬಾಗೈತೆ ಅಂತ ಹೇಳಿ ಮಾರ್ತೀನಿ, ಸುಮ್ನಿರ್ಲಾ." ಹಾಗೆಂದೇ ಮಾರಿದೆ, ಜನ ಮೆಚ್ಚಿಯೇ ಕೊಂಡರು.

ದೇವನಹಳ್ಳಿಯ ವಿಮಾನ ನಿಲ್ದಾಣ ನಮಗೆ ಹಿತ್ತಲಿದ್ದಂತೆ. ವಿಮಾನದ ಹೊಟ್ಟೆಯನ್ನಷ್ಟೇ ನೋಡಿದ್ದ ನಾವು ಮೊದಲ ಸಲ ಅದರೊಳಗೆ ಕೂತೆವು. ಅದರಿಂದಿಳಿದು ಇನ್ನೊಂದು, ಅದರಿಂದಿಳಿದು ರೈಲು. ಕೊನೆಗೆ ಊರು ಸೇರುವ ಹೊತ್ತಿಗೆ ಕಾಲು ಬಾತುಹೋಗಿದ್ದವು. ನೀವು ಹೋಗುವವರಿದ್ದರೆ ಹೊಸ ಶೂ ಹಾಕಬೇಡಿ. ಚಟ್ನಿಪುಡಿಯನ್ನು ಮನೆಯಲ್ಲೇ ಮರೆಯಬೇಡಿ.

ಆ ಊರಿಗೆ ಸದ್ದೇ ಇರಲಿಲ್ಲ. ಸ್ಕೂಟರುಗಳೆಲ್ಲ ಬ್ಯಾಟರಿಯವು, ಬೆನ್ನಿಗೆ ತಾಗುವಷ್ಟು ಹತ್ತಿರ ಬಂದರೂ ತಿಳಿಯುತ್ತಿರಲಿಲ್ಲ. ಆಕಾಶಕ್ಕೆ ಬೆಳಗದ ಅಲ್ಯೂಮಿನಿಯಂ ಪಾತ್ರೆಯ ಬಣ್ಣ. ಒಂದೇ ಅಚ್ಚಿನಲ್ಲಿ ಹೊಡೆದಂಥ ಕಟ್ಟಡಗಳು, ಬಾಲ್ಕನಿ ತುಂಬ ಒಣಗಿಹಾಕಿದ ಬಟ್ಟೆ, ಹೊರಗೆ ನಿಂತವರು ಒಬ್ಬರೂ ಇಲ್ಲ. ಯಾರೋ ಹೋಗಿಬಿಟ್ಟ ಮನೆಗೆ ಬಂದಂತೆ ನಾವು ನಡೆದೆವು.

ಮಗ್ಗದ ಮನೆಯವರು ಮೆಲ್ಲಗೆ ಮಾತಾಡುವುದನ್ನು ಕಲಿತವರೇ ಅಲ್ಲ. ಹಗಲೆಲ್ಲ ಮಗ್ಗದ ಸದ್ದಿನ ಮೇಲೆ ದನಿ ಏರಿಸಿ ಏರಿಸಿ, ಸಾವಿನ ಮನೆಯಲ್ಲೂ ಕೂಗಿಯೇ ಸಮಾಧಾನ ಹೇಳುತ್ತೇವೆ. ಅಲ್ಲಿನ ನೂಡಲ್ಸ್ ಅಂಗಡಿಯಲ್ಲಿ "ಲೇ ನಾಗ, ಇದ್ರಲ್ಲೇನೋ ತೇಲ್ತಾ ಐತೆ ನೋಡ್ಲಾ" ಎಂದೆ. ಇಡೀ ಅಂಗಡಿ ತಲೆಯೆತ್ತಿತು.

"ತೇಲ್ಲಿ ಬಿಡಿ ಭಾವ, ಮುಳುಗಿದ್ರೆ ಹೇಳಿ" ಎಂದು ಅವನೂ ಕೂಗಿ ನಕ್ಕ. ಆ ಪ್ರವಾಸದಲ್ಲಿ ಅವನು ನಕ್ಕಿದ್ದು ಅದೊಂದೇ ಸಲ.

ಮಗ್ಗದ ಕಾರ್ಖಾನೆಗೆ ಮರುದಿನ ಹೋಗುವುದಿತ್ತು. ಏನನ್ನೇ ಕೊಳ್ಳುವ ಮೊದಲು ಪೇಟೆ ಸುತ್ತಬೇಕೆನ್ನುವವನು ನಾನು; ನೀವೂ ಇದನ್ನು ಪಾಲಿಸಿ. ಹಾಗಾಗಿ ಬಟ್ಟೆ ಮಾರುಕಟ್ಟೆಗೆ ಅವನನ್ನು ಎಳೆದುಕೊಂಡು ಹೋದೆ. ನಮ್ಮೂರ ಪೇಟೆಯೆಲ್ಲ ಆ ಕಟ್ಟಡದ ಒಂದು ಮಹಡಿಯಲ್ಲಿ ಹಿಡಿಸೀತು. ನಮ್ಮ ದೇಶಕ್ಕೆ ಕಳಿಸುವ ಸೀರೆಗಳ ಸಾಲಿನಲ್ಲಿ ನಾಗರಾಜ ಗಕ್ಕನೆ ನಿಂತ.

ರಾಗಿತೆನೆ. ಹತ್ತಾರು ಬಣ್ಣಗಳಲ್ಲಿ, ಹೊಸ ಪ್ಲಾಸ್ಟಿಕ್ಕಿನ ಆ ವಾಸನೆ ಹೊಡೆಯುವ ಎದೆಯೆತ್ತರದ ರಾಶಿ. ಅವನು ಬಗ್ಗಿ ಒಂದು ಸೀರೆಯ ಬಾರ್ಡರನ್ನು ಬೆರಳಲ್ಲಿ ಸವರಿದ. ಎಡಗಡೆಯ ಎಲೆ ಮುರಿದೇ ಇತ್ತು. ನಮ್ಮ ತಪ್ಪನ್ನೂ ಬಿಡದೆ ನೇಯ್ದಿದ್ದರು.

ಅಂಗಡಿಯ ಹೆಂಗಸು ಕ್ಯಾಲ್ಕುಲೇಟರಿನಲ್ಲಿ ಬೆಲೆ ಒತ್ತಿ ನನ್ನ ಕಡೆ ತಿರುಗಿಸಿದಳು. ಮನಸ್ಸಿನಲ್ಲೇ ರೂಪಾಯಿಗೆ ಲೆಕ್ಕ ಹಾಕಿದೆ. ನಮಗೆ ಬರೀ ನೂಲಿಗೇ ಅದಕ್ಕಿಂತ ಹೆಚ್ಚು ಬೀಳುತ್ತಿತ್ತು. ಆಗ ನನ್ನ ತಲೆ ತಾನಾಗಿಯೇ ಅಡ್ಡಡ್ಡ ಆಡಿತು. ನಂಬಲಾಗದೆ ಆಡಿತೋ, ಅಭ್ಯಾಸಕ್ಕೆ ಆಡಿತೋ ಹೇಳಲಾರೆ. ಮೊದಲ ಬೆಲೆಗೆ ತಲೆ ಅಲ್ಲಾಡಿಸಿ ಅಲ್ಲಾಡಿಸಿಯೇ ಮೇಲೆ ಬಂದವನು ನಾನು. ಅವಳು ನಕ್ಕು ಬೆಲೆ ಇಳಿಸಿದಳು. ನಾನು ಬಾಯಿ ತೆರೆದು ನಿಂತೆ. ಅದೂ ಒಪ್ಪಿಗೆಯಿಲ್ಲವೆಂದು ತಿಳಿದು ಮತ್ತೆ ಇಳಿಸಿದಳು. ಜೀವಮಾನದಲ್ಲಿ ಅಷ್ಟು ಸುಲಭವಾಗಿ ನಾನು ಗೆದ್ದಿರಲಿಲ್ಲ. ಅವಳ ಬೆರಳು ಒತ್ತಿದಂತೆಲ್ಲ ನಮ್ಮ ಶೆಡ್ಡಿನಲ್ಲಿ ಒಂದೊಂದೇ ಮಗ್ಗದ ಸದ್ದು ನಿಂತ ಹಾಗಾಗುತ್ತಿತ್ತು.

"ಸಾಕು ನಿಲ್ಸಿ ಭಾವ" ಎಂದ ನಾಗರಾಜ. "ಇನ್ನೂ ಇಳಿಸ್ಬೇಡಿ."

ಅವನು ಅಷ್ಟು ಮೆಲ್ಲಗೆ ಮಾತಾಡಿದ್ದನ್ನು ನಾನು ಕೇಳಿಯೇ ಇರಲಿಲ್ಲ. ಅಂಗಡಿಯಲ್ಲಿ ಯಾರೂ ತಿರುಗಿ ನೋಡಲಿಲ್ಲ.

ಕಾರ್ಖಾನೆಗೆ ನಾವು ಹೋಗಲಿಲ್ಲ. "ಅವ್ರ ಮಗ್ಗ ತಂದ್ರೂ ಅವ್ರ ಬೆಲೆಗೆ ನೇಯಕ್ಕಾಯ್ತದಾ ಭಾವ?" ಎಂದು ಕೇಳಿದ. ಊರಿಗೆಲ್ಲ ಸಲಹೆ ಹೇಳುವ ನಾನು ವಾಪಸ್ ರೈಲಿನ ಟಿಕೆಟ್ ತೆಗೆಸಿದೆ. ಊರಿಗೆ ಬಂದ ಮೇಲೆ ಮಗ್ಗಗಳನ್ನು ಗುಜರಿಗೆ ಕೊಟ್ಟೆವು, ಕಬ್ಬಿಣದ ತೂಕಕ್ಕೆ. ಅಲ್ಲಿಯೂ ಚೌಕಾಶಿ ಮಾಡಿದೆ. ಒಳ್ಳೆಯ ಬೆಲೆಯೇ ಬಂತು.

ಶೆಡ್ಡು ಈಗ ನನ್ನ ಸೀರೆ ಅಂಗಡಿ. ರಾಗಿತೆನೆಯೂ ಇದೆ, ಪ್ಲಾಸ್ಟಿಕ್ ಕವರಿನಲ್ಲಿ, ಚೀನಾದಿಂದಲೇ ಬೇಲುಗಟ್ಟಲೆ ಬರುತ್ತದೆ. ಹೊಟ್ಟೆಪಾಡು ನಡೆಯಬೇಕಲ್ಲ. ನಾಗರಾಜ ವಿಮಾನ ನಿಲ್ದಾಣದ ಹತ್ತಿರ ಗೋಡೌನೊಂದರಲ್ಲಿ ಪೆಟ್ಟಿಗೆ ಇಳಿಸಿಕೊಳ್ಳುವ ಕೆಲಸದಲ್ಲಿದ್ದಾನೆ. ರಜೆಯ ದಿನ ಬಂದು ಅಂಗಡಿಯ ಮೂಲೆಯ ಸ್ಟೂಲಿನ ಮೇಲೆ ಕೂರುತ್ತಾನೆ. ನಾನು ಈಗಲೂ ಕೂಗಿಯೇ ಮಾತಾಡುವವನು. ಅವನು ಮಾತ್ರ ಆ ಊರಿನಿಂದ ಬಂದ ಮೇಲೆ ದನಿ ಏರಿಸಿಲ್ಲ. ಹತ್ತಿರ ಹೋಗಿ ಕಿವಿ ಕೊಡಬೇಕು.

ನಿನ್ನೆಯೂ ಬಂದು ಕೂತಿದ್ದ. ಕವರು ಎಳೆದಾಕೆ ಬೆಲೆ ಕೇಳಿದಳು, ಹೇಳಿದೆ. ತಲೆಯನ್ನು ಅಡ್ಡಡ್ಡ ಆಡಿಸಿದಳು, ಥೇಟ್ ನನ್ನ ಹಾಗೆ.

"ಇನ್ನೊಂಚೂರು ಇಳಿಸ್ಕೊಡಿ ಅಣ್ಣ. ನೋಡಿ, ಎಲೆ ಬೇರೆ ಮುರಿದೋಗೈತೆ."

ಗಾಳಿಗೆ ಬಾಗಿದೆ ಎನ್ನುವ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ನಾಗರಾಜನ ಕಡೆ ನೋಡಿದೆ. ಅವನು ನೆಲ ನೋಡುತ್ತಿದ್ದ. ಮಗ್ಗದ ಬೋಲ್ಟುಗಳಿದ್ದ ತೂತುಗಳನ್ನು ನಾನಿನ್ನೂ ಮುಚ್ಚಿಸಿಲ್ಲ.

"ಇಳಿಯಲ್ಲಮ್ಮ" ಎಂದೆ.

ಆಕೆ ಗಲ್ಲಾದ ಮೇಲೆ ಬಾಗಿ ಕಿವಿ ಮುಂದೆ ಮಾಡಿದಳು. "ಏನಂದ್ರಿ ಅಣ್ಣ? ಕೇಳಿಸ್ಲಿಲ್ಲ."