ಮೊದಲನೇ ಪುಟಕ್ಕೆ ಏರಿದ ಹಾಸಿಗೆ ಅಂಗಡಿ

ನಮ್ಮ ಹಾಸಿಗೆ ಅಂಗಡಿಯಲ್ಲಿ ಮಾಲೀಕರ ಮಗಳನ್ನು ಎಲ್ಲರೂ ಪ್ರಶ್ನೆಪತ್ರಿಕೆ ಎಂದೇ ಕರೆಯುತ್ತಿದ್ದರು. ಚಿಕ್ಕವಳಿದ್ದಾಗ ಅಪ್ಪನ ಬೆನ್ನಿಗೆ ಬಿದ್ದು, ಹತ್ತಿ ಯಾಕೆ ಗಂಟು ಕಟ್ಟುತ್ತೆ, ದಿಂಬು ಯಾಕೆ ಚಪ್ಪಟೆಯಾಗುತ್ತೆ ಎಂದು ತಲೆ ತಿನ್ನುತ್ತಿದ್ದಳಂತೆ. ಹೆಸರಿಟ್ಟವರು ಆ ಅಪ್ಪನೇ, ಅಂಗಡಿ ಕಟ್ಟಿದವರೂ ಅವರೇ. ನಾನು ಅಲ್ಲಿ ಹಾಸಿಗೆ, ದಿಂಬುಗಳಿಗೆ ಗವಸು ಹೊಲಿಯುತ್ತಿದ್ದೆ. ಹಿಂದಿನ ಕೋಣೆಯಲ್ಲಿ ನನ್ನ ಹೊಲಿಗೆ ಯಂತ್ರ, ಅದರ ಪಕ್ಕದಲ್ಲೇ ಅವಳ ಕಂಪ್ಯೂಟರ್ ಮೇಜು, ನಡುವೆ ಬಟ್ಟೆಯ ರಾಶಿ. ಅವಳಿಗೆ ಆದದ್ದು ನಾನು ಯಾರಿಂದಲೋ ಕೇಳಿದ್ದಲ್ಲ, ಕಣ್ಣಾರೆ ಕಂಡದ್ದು. ಅದಕ್ಕೇ ಇನ್ನೂ ಹೊಟ್ಟೆ ಉರಿಯುತ್ತದೆ.

ಅಪ್ಪ ತೀರಿಕೊಂಡ ಮೇಲೆ ಗಲ್ಲಾಪೆಟ್ಟಿಗೆಯ ಮುಂದೆ ಅವಳ ಅಣ್ಣ ಕೂತ. ಮೊದಲು ಅವನನ್ನು ನಾನು 'ಅವರು' ಎನ್ನುತ್ತಿದ್ದೆ, ಈಗ ನಾಲಿಗೆ ಏಳುವುದಿಲ್ಲ. ಅವನು ಕೂತ ಹೊತ್ತಿಗೆ ಗಿರಾಕಿಗಳು ಕಡಿಮೆಯಾಗಿದ್ದರು. ಜನ ಫೋನಿನಲ್ಲೇ ಹಾಸಿಗೆ ಹುಡುಕಿ ಫೋನಿನಲ್ಲೇ ಕೊಳ್ಳುವ ಕಾಲ. ನಮಗೂ ಒಂದು ವೆಬ್‌ಸೈಟ್ ಇತ್ತು, ಇದ್ದೂ ಇಲ್ಲದಂತೆ. ಗೂಗಲ್‌ನಲ್ಲಿ ಎಷ್ಟು ಪುಟ ತಿರುಗಿಸಿದರೂ ನಾವು ಸಿಗುತ್ತಿರಲಿಲ್ಲ. ಅವಳು ಆಗ ಗಂಡನನ್ನು ಬಿಟ್ಟು ತವರಿಗೆ ಬಂದು, ಯಾವುದೋ ಕಚೇರಿಯಲ್ಲಿ ಬೇರೆಯವರ ವೆಬ್‌ಸೈಟುಗಳನ್ನು ಹುಡುಕಿದಾಗ ಮೇಲೆ ಬರುವಂತೆ ಮಾಡುವ ಕೆಲಸದಲ್ಲಿದ್ದಳು.

"ಕಂಡೋರಿಗೆ ದುಡಿಯೋ ಬದಲು ನಮ್ಮ ಅಂಗಡೀನ ಮೇಲೆ ತಾರೇ," ಎಂದ ಅಣ್ಣ. "ಮೊದಲನೇ ಪುಟಕ್ಕೆ ಬಂದ ದಿನ ಬೋರ್ಡ್ ಮೇಲೆ ನಿನ್ನ ಹೆಸರೂ ಬರೆಸ್ತೀನಿ. ಅರ್ಧ ಅಂಗಡಿ ನಿಂದು. ಅಪ್ಪಂಗೂ ಅದೇ ಆಸೆ ಇತ್ತು."

ಅವಳು ಆ ವಾರವೇ ಕಚೇರಿಯ ಕೆಲಸಕ್ಕೆ ಸಲಾಮು ಹೊಡೆದು ಬಂದಳು. ಅವಳಿಗೆ ಬೇಕಾಗಿದ್ದದ್ದು ದುಡ್ಡಲ್ಲ. ಅಪ್ಪನ ಅಂಗಡಿಯಲ್ಲಿ ತಾನೂ ಮನೆಯವಳು ಎನ್ನಿಸಿಕೊಳ್ಳಬೇಕಿತ್ತು, ಬಂದು ಬಿದ್ದುಕೊಂಡವಳು ಎಂದಲ್ಲ.

ಬಂದವಳೇ ಮೊದಲು ಗೂಗಲ್ ನಕ್ಷೆ ನೋಡಿದಳು. ನಮ್ಮ ಅಂಗಡಿಯ ಗುರುತು ಹಿಂದಿನ ಬೀದಿಯ ಹಲ್ಲಿನ ಡಾಕ್ಟರ ಮನೆಯ ಮೇಲೆ ಕೂತಿತ್ತು. "ಹಾಸಿಗೆಗೆ ಅಂತ ಹೊರಟೋರು ಎಷ್ಟು ಜನ ಹಲ್ಲು ಕೀಳಿಸ್ಕೊಂಡು ಮನೆಗೆ ಹೋದ್ರೋ!" ಎಂದು ನಗುತ್ತ ಅದನ್ನು ಸರಿಮಾಡಿದಳು. ಅಣ್ಣ ಹಾಕಿಸಿದ್ದ ಭಾರಿ ಭಾರಿ ಫೋಟೋಗಳಿಂದಾಗಿ ಪುಟ ತೆರೆದುಕೊಳ್ಳುವಷ್ಟರಲ್ಲಿ ನೋಡುವವರಿಗೆ ಕೂತಲ್ಲೇ ನಿದ್ದೆ ಬರುವಂತಿತ್ತು, ಹಾಸಿಗೆಯೇ ಬೇಡ. ಅವನ್ನು ಹಗುರ ಮಾಡಿದಳು. ಆಮೇಲೆ ದಿನವೂ ಒಂದಿಷ್ಟು ಹೊತ್ತು ಗಿರಾಕಿಗಳ ಮಗ್ಗುಲಲ್ಲಿ ನಿಂತು ಅವರು ಕೇಳುವುದನ್ನು ಕೇಳಿಸಿಕೊಳ್ಳತೊಡಗಿದಳು. ಬೆಳಗ್ಗೆ ಎದ್ದಾಗ ಸೊಂಟ ಯಾಕೆ ಹಿಡಿದುಕೊಳ್ಳುತ್ತದೆ, ಮಗು ಒದ್ದೆ ಮಾಡಿದ ಹಾಸಿಗೆಯ ವಾಸನೆ ಹೇಗೆ ಹೋಗುತ್ತದೆ, ಗಂಡ ಹೆಂಡತಿ ತೂಕದಲ್ಲಿ ಅಜಗಜಾಂತರ ಇದ್ದರೆ ಯಾವ ಹಾಸಿಗೆ ತರಬೇಕು. ಒಂದೊಂದು ಪ್ರಶ್ನೆಗೂ ಒಂದೊಂದು ಪುಟ, ಕೇಳಿದವರ ಮಾತಿನಲ್ಲೇ. ಉತ್ತರ ಗೊತ್ತಿಲ್ಲದಿದ್ದರೆ ತಾನೇ ಆ ಹಾಸಿಗೆಯ ಮೇಲೆ ಮಲಗಿ ನೋಡಿ ಬರೆಯುತ್ತಿದ್ದಳು. ಹಾಗೆ ಮಲಗಿದವಳು ಗೊರಕೆ ಹೊಡೆದದ್ದೂ ಉಂಟು, ನಾನೇ ತಟ್ಟಿ ಎಬ್ಬಿಸಿದ್ದೇನೆ.

ವೆಬ್‌ಸೈಟಿಗೆ ಎಷ್ಟು ಜನ ಬಂದು ಹೋದರೆಂಬ ಲೆಕ್ಕ ಅವಳ ಕಂಪ್ಯೂಟರಿನಲ್ಲಿ ಗೆರೆಯಾಗಿ ಕಾಣುತ್ತಿತ್ತು. ಗೆರೆ ಒಂದು ದಿನ ಸ್ವಲ್ಪ ಮೇಲೆದ್ದಾಗ ಅಣ್ಣ ಕುಣಿದಾಡಿಬಿಟ್ಟ.

"ಅದರಲ್ಲಿ ಅರ್ಧ ನೀನೇ ಕಣೋ," ಎಂದಳು ಇವಳು. "ಹೊತ್ತು ಹೊತ್ತಿಗೂ ತೆಗೆದು ನೋಡ್ತೀಯ. ಮನೆಯವರೇ ಬಾಗಿಲಲ್ಲಿ ಹೋಗಿ ಬಂದು ಮಾಡಿದ್ರೆ ಅದನ್ನ ವ್ಯಾಪಾರ ಅಂತಾರಾ?"

ಅಂಗಡಿಯ, ಮನೆಯ ಫೋನುಗಳನ್ನೆಲ್ಲ ಲೆಕ್ಕದಿಂದ ತೆಗೆದುಹಾಕಿದಳು. ಗೆರೆ ಕುಸಿಯಿತು, ಅಣ್ಣನ ಮುಖವೂ ಕುಸಿಯಿತು. ಅವಳದು ಅಂಥ ಕೆಲಸ, ಒಂದು ತಲೆಯೂ ಸುಳ್ಳಿರಬಾರದು. ಅಲ್ಲಿಂದ ಮುಂದೆ ಏರಿದ್ದೆಲ್ಲ ಅಪ್ಪಟ ಗಿರಾಕಿಗಳದ್ದು. ಮೊದಮೊದಲು ಆಮೆಯ ನಡಿಗೆ. ಎರಡನೇ ವರ್ಷ ಸೊಂಟನೋವಿನ ಪುಟ ಎಲ್ಲರನ್ನೂ ಹಿಂದೆ ಹಾಕಿ ಗೂಗಲ್‌ನ ಮೊದಲನೇ ಪುಟದಲ್ಲಿ ನಿಂತಿತು, ಅದರ ಹಿಂದೆ ಉಳಿದವೂ ಬಂದವು. ದೂರದ ಊರುಗಳಿಂದ ಜನ ಫೋನ್ ಮಾಡತೊಡಗಿದರು. ನನಗಂತೂ ಹೊಲಿದು ಹೊಲಿದು ಕೈಬೆರಳು ಮರಗಟ್ಟಿದವು.

ಅಣ್ಣ ಅವಳಿಗೊಂದು ಮೆತ್ತನೆಯ ಕುರ್ಚಿ ತರಿಸಿಕೊಟ್ಟ. ಬೋರ್ಡಿನ ಮಾತೆತ್ತಿದರೆ, "ಪೇಂಟರ್ ಸಿಗ್ತಿಲ್ಲ ಕಣೇ," ಎನ್ನುತ್ತಿದ್ದ. ಜಗತ್ತಿನ ಪೇಂಟರುಗಳೆಲ್ಲ ಎಲ್ಲಿ ಹೋಗಿದ್ದರೋ!

ಒಂದು ಮಧ್ಯಾಹ್ನ ಅವನು ಒಬ್ಬರನ್ನು ಹಿಂದಿನ ಕೋಣೆಗೆ ಕರೆದುಕೊಂಡು ಬಂದ. "ನನ್ನ ಸ್ನೇಹಿತರು, ಬೂಟಿನ ಅಂಗಡಿ ಇದೆ. ನೀನು ಮಾಡಿರೋದನ್ನೆಲ್ಲ ಸ್ವಲ್ಪ ತೋರಿಸು," ಎಂದ. ಅಣ್ಣ ಅವಳ ಕೆಲಸವನ್ನು ಇನ್ನೊಬ್ಬರಿಗೆ ತೋರಿಸು ಎಂದದ್ದು ಅದೇ ಮೊದಲು. ಅವಳು ಹಿರಿಹಿರಿ ಹಿಗ್ಗಿ, ಯಾವ ಪುಟಕ್ಕೆ ಎಲ್ಲಿಂದ ಜನ ಬರುತ್ತಾರೆ, ಅವರಲ್ಲಿ ಎಷ್ಟು ಮಂದಿ ಫೋನ್ ಮಾಡುತ್ತಾರೆ ಎಂಬುದನ್ನೆಲ್ಲ ಬಿಡಿಸಿ ಬಿಡಿಸಿ ತೋರಿಸಿದಳು. ಬಂದವರು ಗಮನವಿಟ್ಟು ಕೇಳಿ ಕೊನೆಗೆ ಒಂದೇ ಒಂದು ಪ್ರಶ್ನೆ ಹಾಕಿದರು.

"ನಾಳೆ ನೀವು ಕೆಲಸ ನಿಲ್ಲಿಸಿದ್ರೆ ಇದೆಲ್ಲ ಬಿದ್ದುಹೋಗುತ್ತಾ, ಅಮ್ಮಾ?"

ಅವಳಿಗೆ ಮಾನಕ್ಕೇ ಕೈಹಾಕಿದಂತಾಯಿತು. "ಛೆ, ನಾನೇನು ಗೋಂದು ಹಚ್ಚಿ ನಿಲ್ಲಿಸಿದ್ದೀನಾ? ಒಂದು ವರ್ಷ ಯಾರೂ ಮುಟ್ಟದೆ ಹೋದರೂ ಒಂದಿಷ್ಟೂ ಅಲ್ಲಾಡಲ್ಲ," ಎಂದಳು. ಅವರು ತಲೆದೂಗಿದರು, ಅಣ್ಣ ನಕ್ಕ.

ಪ್ರತಿ ಸೋಮವಾರ ಬೆಳಗ್ಗೆ ಅವಳದೊಂದು ರೂಢಿಯಿತ್ತು. ಜನ ಏನೇನು ಟೈಪ್ ಮಾಡಿ ನಮ್ಮನ್ನು ಹುಡುಕಿದರು ಎಂದು ನೋಡುವುದು. ಹೊಸ ಪ್ರಶ್ನೆ ಸಿಕ್ಕರೆ ಹೊಸ ಪುಟ. ಅದಾದ ಮೇಲೊಂದು ಸೋಮವಾರ ಓದುತ್ತ ಓದುತ್ತ ಕುರ್ಚಿಯನ್ನು ಮುಂದಕ್ಕೆಳೆದು ಪರದೆಗೆ ಬಗ್ಗಿದಳು. ನಾನು ಯಂತ್ರ ನಿಲ್ಲಿಸಿದೆ.

"ಇಲ್ಲಿ ನೋಡೇ. ನಮ್ಮ ಅಂಗಡಿ ಹೆಸರು ಹಾಕಿ, 'ಹೊಸ ಮಾಲೀಕರು ಯಾರು' ಅಂತ ಹುಡುಕಿದ್ದಾರೆ. ಒಬ್ಬರಲ್ಲ, ತುಂಬಾ ಜನ. 'ಹಳೇ ಗ್ಯಾರಂಟಿ ಹೊಸಬರ ಹತ್ರ ನಡೆಯುತ್ತಾ' ಅಂತಾನೂ ಇದೆ."

ಊರಿಗೆಲ್ಲ ಗೊತ್ತಿತ್ತು. ಹತ್ತಿ ಕೊಡುವವನಿಗೆ, ಫೋಮ್ ಕೊಡುವವನಿಗೆ, ಅವರಿಂದ ಗಿರಾಕಿಗಳಿಗೆ. ಗೊತ್ತಿಲ್ಲದಿದ್ದದ್ದು ಇವಳಿಗೆ, ಇವಳ ಪಕ್ಕದಲ್ಲೇ ಕೂತ ನನಗೆ. ಎದ್ದು ಸೀದಾ ಅಣ್ಣನ ಮುಂದೆ ಹೋಗಿ ನಿಂತಳು, ನಾನೂ ಹಿಂದೆ ಹೋದೆ.

"ಅಂಗಡಿ ಮಾರಿದ್ಯೇನೋ?"

"ಹೇಳೋಣ ಅಂತಲೇ ಇದ್ದೆ..."

"ಅಂದ್ರೆ ಅವತ್ತು ಬಂದಿದ್ದು ಬೂಟಿನ ಅಂಗಡಿಯೋರಲ್ವಾ?"

"ಬೂಟಿನ ಅಂಗಡೀನೂ ಇದೆ ಅವರಿಗೆ. ನೋಡು, ಕೋಪ ಮಾಡ್ಕೋಬೇಡ. ನಿನ್ನನ್ನ ಕೆಲಸಕ್ಕೆ ಇಟ್ಕೊಳ್ಳಿ ಅಂತ ನಾನೇ ಕೇಳಿದೆ. ಅವರೇ ಬೇಡ ಅಂದ್ರು. ಒಂದು ವರ್ಷ ಯಾರೂ ಮುಟ್ಟದಿದ್ರೂ ಅಲ್ಲಾಡಲ್ಲ ಅಂತ ನೀನೇ ಹೇಳಿದ್ಯಲ್ಲ."

"ನನ್ನ ಹೆಸರು? ಬೋರ್ಡ್ ಮೇಲೆ?"

"ಬೋರ್ಡೇ ಬದಲಾಗುತ್ತಲ್ಲೇ ಈಗ."

ನನಗೆ ಕೈಯಲ್ಲಿದ್ದ ಕತ್ತರಿಯನ್ನು ಅವನ ಮೇಲೆ ಎಸೆಯುವಷ್ಟು ಸಿಟ್ಟು ಬಂತು. ನಂಬಿಸಿ ಕತ್ತು ಕೊಯ್ಯುವುದು ಎಂದರೆ ಇದೇ, ಅದೂ ಒಡಹುಟ್ಟಿದವಳದ್ದು. "ಕಂಪ್ಯೂಟರ್ ನಿನ್ನ ಕೈಯಲ್ಲೇ ಇದೆ. ಎಲ್ಲ ಅಳಿಸಿಬಿಡು, ಅವರು ಬಂದು ಬೋಳು ಗೋಡೆ ನೋಡ್ಲಿ," ಎಂದೆ.

"ಅವನು ಮಾಡಿದ್ದಾಗಿದ್ರೆ ಅಳಿಸ್ತಿದ್ದೆ. ಅದೆಲ್ಲ ನಾನು ಮಾಡಿದ್ದು," ಎಂದಳು. ಪಾಸ್‌ವರ್ಡುಗಳನ್ನು ಒಂದು ಚೀಟಿಯಲ್ಲಿ ಬರೆದು ಗಲ್ಲಾಪೆಟ್ಟಿಗೆಯ ಮೇಲಿಟ್ಟು, ಮಹಡಿಯ ಮೇಲಿನ ಮನೆಗೆ ಹತ್ತಿದಳು. ತಾಯಿಗಾದರೂ ಹೇಳಿಕೊಂಡು ಅಳೋಣ ಎಂದು ಹೋದಳೆಂದೇ ನಾನಂದುಕೊಂಡೆ, ಬಹುಶಃ ಅವಳೂ ಹಾಗೇ ಅಂದುಕೊಂಡಿದ್ದಳು. ನಾನೂ ಅವಳ ಹಿಂದೆಯೇ ಹತ್ತಿದೆ.

ತಾಯಿ ಮಂಚದ ಮೇಲೆ ಕೂತು ಒಗೆದ ಬಟ್ಟೆ ಮಡಿಸುತ್ತಿದ್ದರು. ಮಗಳ ಮುಖ ನೋಡಿದವರೇ ಕೈ ನಿಲ್ಲಿಸಿದರು. "ಗೊತ್ತಾಯ್ತಾ?" ಎಂದರು.

ಆ ಒಂದು ಮಾತು ಸಾಕಾಯಿತು. "ನಿನಗೆ ಯಾವಾಗಿಂದ ಗೊತ್ತಮ್ಮ?"

"ವ್ಯವಹಾರ ಮುಗಿಯೋ ತನಕ ಬಾಯಿ ಬಿಡಬೇಡ ಅಂದ ಅವನು. ನಿನಗೆ ಗೊತ್ತಾದ್ರೆ ಕೆಲಸ ನಿಲ್ಲಿಸಿಬಿಡ್ತೀಯ, ಬರೋ ಜನ ಕಡಿಮೆಯಾಗ್ತಾರೆ, ಅವರು ಹಿಂದೆ ಸರೀತಾರೆ ಅಂತ. ನಾನೇನು ಮಾಡ್ಲಿ, ಅವನಿಗೂ ಮಕ್ಕಳಿದ್ದಾರೆ."

ಅವಳು ಬಾಗಿಲಿಗೆ ಒರಗಿ ನಿಂತಳು. ಕೆಲವು ತಿಂಗಳಿಂದ ಊಟಕ್ಕೆ ಕೂತಾಗಲೆಲ್ಲ ತಾಯಿ, ಇವತ್ತು ಎಷ್ಟು ಜನ ಬಂದಿದ್ದರು ಮಗಳೇ ಎಂದು ಕೇಳುತ್ತಿದ್ದರು. ಕಂಪ್ಯೂಟರಿನ ಗಂಧಗಾಳಿ ಇಲ್ಲದ ಅಮ್ಮನಿಗೂ ತನ್ನ ಕೆಲಸದ ಮೇಲೆ ಅಕ್ಕರೆ ಹುಟ್ಟಿತಲ್ಲ ಎಂದು ಅವಳು ನನ್ನೆದುರು ಹೇಳಿಕೊಂಡು ಹಿಗ್ಗಿದ್ದಳು.

"ದಿನಾ ಕೇಳ್ತಿದ್ಯಲ್ಲಮ್ಮ, ಎಷ್ಟು ಜನ ಬಂದ್ರು ಅಂತ. ಅದು ಅವನಿಗೆ ಹೇಳೋಕಾ?"

ತಾಯಿ ಮತ್ತೆ ಬಟ್ಟೆ ಮಡಿಸತೊಡಗಿದರು.

ಈಗ ಅವಳು ಬೇರೆ ಕೋಣೆ ಹಿಡಿದಿದ್ದಾಳೆ, ಕಂಡವರ ಅಂಗಡಿಗಳನ್ನು ಮೇಲೆ ತರುತ್ತಾಳೆ. ಅಣ್ಣನ ಜೊತೆ ಮಾತಿಲ್ಲ. ತಾಯಿಯನ್ನು ಬಿಟ್ಟಿಲ್ಲ. ವಾರಕ್ಕೊಮ್ಮೆ ಹೋಗಿ ಮಾತ್ರೆ ಕೊಟ್ಟು, ತಲೆ ಬಾಚಿ ಬರುತ್ತಾಳೆ. ಒಮ್ಮೊಮ್ಮೆ ನಾನೂ ಜೊತೆಗೆ ಹೋಗುತ್ತೇನೆ. ಎಲ್ಲ ಸರಿಯಾಗಿಯೇ ಇರುತ್ತದೆ. ನಡುವೆ ತಾಯಿ ಬಾಯಿ ತಪ್ಪಿ, "ಕೆಲಸ ಹೇಗೆ ನಡೀತಿದೆ ಮಗಳೇ?" ಎಂದುಬಿಡುತ್ತಾರೆ. ಅವಳ ಕೈಯಲ್ಲಿನ ಬಾಚಣಿಗೆ ಅಲ್ಲೇ ನಿಲ್ಲುತ್ತದೆ.

"ಯಾಕಮ್ಮ?" ಎನ್ನುತ್ತಾಳೆ. "ಯಾರಿಗೆ ಹೇಳ್ಬೇಕು?"