ಗಾಡಿಗೆ ಮುಖ ಮಾಡಿ ನಿಂತ ಅಪ್ಪ

ನಿಂತಲ್ಲಿ ನಿಲ್ಲುವ ಜಾಯಮಾನ ನನ್ನದಲ್ಲ. ಸಿಂದಗಿಯಲ್ಲಿ ಪುಟ್ಟದೊಂದು ಫೋಟೊ ಸ್ಟುಡಿಯೊ ಇಟ್ಟುಕೊಂಡಿದ್ದೆ. ಪಾಸ್‌ಪೋರ್ಟ್ ಸೈಜಿನ ಮುಖಗಳನ್ನು ತೆಗೆಯುತ್ತ ಎರಡು ದಿನ ಕೂತರೆ ಮೂರನೇ ದಿನ ತಲೆ ಕೆಡುತ್ತಿತ್ತು. ಸಿಂದಗಿಗೆ ರೈಲಿಲ್ಲ, ಮುದ್ದೇಬಿಹಾಳಕ್ಕೂ ಇಲ್ಲ. ಇಂಡಿಗೂ ಬಸವನ ಬಾಗೇವಾಡಿಗೂ ಸ್ಟೇಷನ್ ಇವೆಯೆಂದು ಹೆಸರಿಗೆ ಹೇಳಬಹುದು. ಊರು ಒಂದು ಕಡೆ, ಸ್ಟೇಷನ್ ಇನ್ನೊಂದು ಕಡೆ. ಆದರೂ ವಾರಕ್ಕೊಮ್ಮೆ ಅಂಗಡಿಗೆ ಬೀಗ ಜಡಿದು, ಬಸ್ಸು ಹಿಡಿದು ಇಂಡಿಗೆ, ಅಲ್ಲಿಂದ ಟಂಟಂ ಆಟೊ ಹತ್ತಿ ಹಳಿಯ ಕಡೆ ಓಡುತ್ತಿದ್ದೆ.

ತೊಂಬತ್ತರ ದಶಕ ಮುಗಿಯುತ್ತಿತ್ತು. ಮೀಟರ್ ಗೇಜ್ ಹಳಿ ಕಿತ್ತು ಬ್ರಾಡ್ ಗೇಜ್ ಹಾಕುತ್ತಾರೆಂಬ ಸುದ್ದಿ. ಅಷ್ಟರೊಳಗೆ ಎಲ್ಲದರ ಫೋಟೊ ತೆಗೆದಿಡಬೇಕೆಂಬ ಹುಚ್ಚು ನನಗೆ. ನಿಂಬೆ ತೋಟದ ಪಕ್ಕದ ತಿರುವು ಸಿಕ್ಕಿತ್ತು, ಬಿಳಿಜೋಳದ ತೆನೆಗಳ ಮೇಲೆ ಕಾಣುವ ಬೋಗಿಗಳ ತಲೆ ಸಿಕ್ಕಿತ್ತು, ಎರೆಹೊಲದ ನಡುವೆ ಬೆವರು ಸುರಿಸುವ ಹಳಿ ರಿಪೇರಿಯ ಗ್ಯಾಂಗಿನವರೂ ಸಿಕ್ಕಿದ್ದರು. ಸಿಗದೆ ಉಳಿದದ್ದು ಅಪ್ಪನ ಮುಖ.

ಅಪ್ಪ ಆ ಹಳಿಯ ಕೀಮ್ಯಾನ್. ಹೆಗಲ ಮೇಲೆ ಸುತ್ತಿಗೆ, ಕೈಯಲ್ಲಿ ನಟ್ಟು ಬಿಗಿಯುವ ಪಾನಾ, ಬಗಲಲ್ಲಿ ಎರಡು ಬಾವುಟ. ದಿನಾ ತನ್ನ ಪಾಲಿನ ಹಳಿಯುದ್ದಕ್ಕೂ ನಡೆದು ಸಡಿಲಾದದ್ದನ್ನು ಬಡಿದು ಬಿಗಿ ಮಾಡುವ ಕೆಲಸ. ಗಾಡಿ ಬಂತೆಂದರೆ ಪಕ್ಕಕ್ಕೆ ಸರಿದು, ಅದಕ್ಕೆ ಮುಖ ಮಾಡಿ ನಿಂತು, ಒಂದೊಂದು ಗಾಲಿಯನ್ನೂ ನೋಡಬೇಕು. ಹೊಗೆ ಬರುತ್ತಿದೆಯೇ, ಕೆಳಗೆ ಏನಾದರೂ ಜೋತು ಬಿದ್ದಿದೆಯೇ ಅಂತ. ಓಡುವ ಗಾಡಿಯ ಜೊತೆ ಅಪ್ಪನ ಮುಖ ಬೇಕು ಅಂತ ನನ್ನ ಹಟ. ರೋಲುಗಟ್ಟಲೆ ಸಿಕ್ಕಿದ್ದು ಬರೀ ಬೆನ್ನು.

“ಒಂದ ಸಲ ಈ ಕಡಿ ನೋಡಪಾ.”

“ಗಾಡಿ ಹ್ವಾದ ಮ್ಯಾಲ ನೋಡ್ತೇನಿ.”

“ಗಾಡಿ ಹ್ವಾದ ಮ್ಯಾಲ ನೋಡಿ ಏನ್ ಮಾಡೂದೈತಿ?”

ಒಂದು ಮಧ್ಯಾಹ್ನ ಪ್ಯಾಸೆಂಜರ್ ಗಾಡಿ ಅರ್ಧ ದಾಟಿತ್ತು. ನನ್ನ ತಾಳ್ಮೆ ತೀರಿತು. “ಅಪ್ಪಾ, ಹಾವು!” ಎಂದು ಕಿರುಚಿದೆ. ಅಪ್ಪ ಗರಕ್ಕನೆ ತಿರುಗಿದ, ನಾನು ಬಟನ್ ಒತ್ತಿದೆ. ಆ ಫೋಟೊ ಈಗಲೂ ನನ್ನ ಹತ್ತಿರ ಇದೆ. ಅದರಲ್ಲಿ ಅಪ್ಪನ ಕಣ್ಣು ಹುಡುಕುತ್ತಿರುವುದು ನನ್ನ ಕಾಲಬುಡವನ್ನು. ಯಾರಿಗೂ ತೋರಿಸಿಲ್ಲ.

“ಎಲ್ಲೈತಿ ಹಾವು?”

ನಾನು ನಕ್ಕೆ. ಅಪ್ಪ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಬಾವುಟ ಸುತ್ತಿಕೊಂಡು, ಗಾಡಿ ಹೋದ ದಿಕ್ಕಿಗೆ ಬಿರಬಿರನೆ ನಡೆಯತೊಡಗಿದ.

“ಎಲ್ಲಿಗಿ ಹೊಂಟಿ?”

“ಸ್ಟೇಷನ್ನಿಗಿ. ಹಿಂದಿನ ಮೂರ ಡಬ್ಬಿ ನಾ ನೋಡಿಲ್ಲ. ಸುಸೂತ್ರ ಮುಟ್ಯಾವೋ ಇಲ್ಲೋ ಕೇಳಬೇಕು.”

ಸ್ಟೇಷನ್ ಒಂದು ಹರದಾರಿ ದೂರ. ಸುಡುವ ಬಿಸಿಲು. ಇಷ್ಟು ಸಣ್ಣ ವಿಷಯಕ್ಕೆ ಇಷ್ಟು ರಗಳೆಯೇ ಎಂದು ಗೊಣಗುತ್ತ ನಾನು ಹಿಂದೆ. ನಿವೃತ್ತಿಗೆ ವರ್ಷವೂ ಉಳಿದಿರದ ಮನುಷ್ಯ ಎಲ್ಲೂ ನಿಲ್ಲಲಿಲ್ಲ, ನೀರು ಕುಡಿಯಲಿಲ್ಲ. ಗಾಡಿ ಸರಿಯಾಗಿಯೇ ಬಂದು ಹೋಯಿತು ಎಂದು ಸ್ಟೇಷನ್ ಮಾಸ್ತರರು ಹೇಳಿದಾಗ ಬಾಗಿಲ ಚೌಕಟ್ಟು ಹಿಡಿದುಕೊಂಡ. ಯಾಕೆ ಕೇಳಿದಿ ಎಂದರು ಅವರು.

“ನಂದ ತಪ್ಪರಿ ಸಾಹೇಬ್ರ. ನನ್ನ ಲಕ್ಷ್ಯ ತಪ್ಪಿತ್ತು.”

ನಾನು ಪಕ್ಕದಲ್ಲೇ ಇದ್ದೆ. ನನ್ನ ಕಡೆ ಬೆರಳು ಸಹ ತೋರಿಸಲಿಲ್ಲ. ನಾಚಿಕೆಯಿಂದ ನನಗೆ ಅಲ್ಲಿ ನಿಲ್ಲಲಾಗಲಿಲ್ಲ, ನಳದ ಹತ್ತಿರ ಹೋಗಿ ಸುಮ್ಮನೆ ಮುಖ ತೊಳೆದೆ.

ಮರಳಿ ಬರುವಾಗ ಎದುರಿನಿಂದ ಇನ್ನೊಂದು ಗಾಡಿಯ ಸದ್ದು. ಅಪ್ಪ ಹಳಿ ದಾಟಿ ಆಚೆ ಬದಿಗೆ ಹೋದ.

“ಇಬ್ಬರಿದ್ರ ಎರಡೂ ಬಾಜೂ ನೋಡಬೇಕು. ಆ ಬಾಜೂ ನೀ ನೋಡು.”

ನೋಡಿದೆ. ಕ್ಯಾಮೆರಾ ಕೊರಳಲ್ಲೇ ಇತ್ತು. ಕಣ್ಣಿಗೆ ಧೂಳು ಹೊಡೆಯಿತು, ಮಿಟುಕಿಸಲು ಹೆದರಿಕೆ. ಒಂದು ಗಾಲಿ ಕಣ್ತಪ್ಪಿದರೂ ಗತಿಯೇನು ಎಂದು ಒಂದೊಂದನ್ನೂ ಎಣಿಸುತ್ತ ಹೋದೆ. ಇದನ್ನು ಅಪ್ಪ ಮೂವತ್ತು ವರ್ಷದಿಂದ ದಿನಾ ಮಾಡುತ್ತಿದ್ದಾನೆ ಅನ್ನುವುದು ಆಗ ತಲೆಗೆ ಹೋಯಿತು.

ಕೊನೆಯ ಡಬ್ಬಿ ದಾಟಿತು. ಹಳಿಯಾಚೆ ಅಪ್ಪ ನನ್ನನ್ನೇ ನೋಡುತ್ತ ನಿಂತಿದ್ದ.

“ನಿನ್ನ ಬಾಜೂ ಹೆಂಗೈತಿ?”

“ಎಲ್ಲಾ ಸರಿ ಐತಪಾ.”

ಮಧ್ಯಾಹ್ನವಷ್ಟೇ ಇಲ್ಲದ ಹಾವು ತೋರಿಸಿದವನು ನಾನು. ಅಪ್ಪ ಇನ್ನೊಮ್ಮೆ ಕೇಳಲಿಲ್ಲ. ಸ್ಟೇಷನ್ನಿನ ಕಡೆ ತಿರುಗಿಯೂ ನೋಡಲಿಲ್ಲ. ಸುತ್ತಿಗೆ ಹೆಗಲಿಗೇರಿಸಿಕೊಂಡು ಮನೆಯ ದಾರಿ ಹಿಡಿದ.